ಹೊಸ ಫ್ರಾಕೇ ಯಾಕೆ ಬೇಕಿತ್ತು?

ಪ್ರೀತಿಯ ಗೆಳೆಯ,

'ರೈನಿಂಗ್ ಸ್ಟೋನ್ಸ್' ಸಿನಿಮಾ ಅರ್ಧಕ್ಕೇ ನಿಲ್ಲಿಸಿದೆ ಅಂದೆಯಲ್ಲ. 'ಕೈಯಲ್ಲಿ ಕಾಸಿಲ್ಲ, ಮಗಳ ಫ್ರಾಕಿಗೆ ಸಾಲ ಮಾಡ್ತಾನೆ, ಬುದ್ಧಿ ಬೇಡ್ವಾ?' ಅಂತ ಕೇಳಿದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಇನ್ನೊಮ್ಮೆ ನೋಡಿದೆ.

ಆ ಅಪ್ಪ ಬಾಬ್‌ಗೆ ಕೆಲಸವಿಲ್ಲ, ನಿಜ. ಆದರೆ ಒಂದು ದಿನವಾದರೂ ಸುಮ್ನೆ ಕೂತಿದ್ದಾನಾ? ಕುರಿ ಕದ್ದು ಮಾಂಸ ಮಾರಲು ಹೋಗುತ್ತಾನೆ, ಇದ್ದೊಂದು ವ್ಯಾನೂ ಕಳುವಾಗುತ್ತದೆ. ಮನೆಮನೆ ಬಾಗಿಲು ತಟ್ಟಿ ಚರಂಡಿ ಕಟ್ಟಿಕೊಂಡಿದೆಯಾ ಎಂದು ಕೇಳುತ್ತಾನೆ. ಚರ್ಚಿನ ಚರಂಡಿ ಬಿಡಿಸಲು ಹೋಗಿ ಮೈತುಂಬ ಗಲೀಜು ಸಿಡಿಸಿಕೊಳ್ಳುತ್ತಾನೆ. ಬಿಡಿಗಾಸೂ ಹುಟ್ಟುವುದಿಲ್ಲ.

ಮಗಳು ಕೋಲೀನ್‌ಳ ಪ್ರಥಮ ಪರಮಪ್ರಸಾದದ, ಅಂದರೆ ಕ್ಯಾಥೊಲಿಕ್ ಮಕ್ಕಳಿಗೆ ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಕೊಡುವ ಸಮಾರಂಭದ, ಫ್ರಾಕಿನ ಮಾತು ಬಂದಾಗ ಮಾತ್ರ ಅವನು ಜಗ್ಗುವುದಿಲ್ಲ. ಯಾರೋ ಹಾಕಿಬಿಟ್ಟ ಫ್ರಾಕು ಪುಕ್ಕಟೆ ಸಿಗುತ್ತೆ ಅಂತ ಫಾದರ್ ಹೇಳಿದರೂ ಬೇಡ ಅನ್ನುತ್ತಾನೆ. ಅದು ಒಣ ಜಂಬ ಅಂತ ನಿನಗೆ ಅನ್ನಿಸಿತು. ನನಗೆ ಹಾಗನ್ನಿಸುವುದಿಲ್ಲ ಕಣೋ. ಅದೊಂದಾದರೂ ಕದ್ದದ್ದಾಗಬಾರದು, ಬೇಡಿದ್ದಾಗಬಾರದು. ಆ ಮಕ್ಕಳ ಸಾಲಿನಲ್ಲಿ ಮಗಳು ಎಲ್ಲರ ಹಾಗೇ ನಿಲ್ಲಬೇಕು. ಅವನಿಗೆ ಉಳಿದಿರುವುದು ಅಷ್ಟೇ.

ನನಗೆ ನಿದ್ದೆಗೆಡಿಸಿದ್ದು ಬಾಬ್‌ನ ಗೆಳೆಯ ಟಾಮಿ. ಟಾಮಿಯ ಮಗಳು ಮನೆಗೆ ಬಂದು ಅಪ್ಪನ ಕೈಗೆ ದುಡ್ಡು ಕೊಡುತ್ತಾಳೆ. ಅವಳೆದುರು ನಗುನಗುತ್ತಲೇ ಇರುತ್ತಾನೆ. ಅವಳು ಆಚೆ ಹೋದಮೇಲೆ ಒಬ್ಬನೇ ಕೂತು ಅಳುತ್ತಾನೆ. ಅಷ್ಟು ದೊಡ್ಡ ಮೈಯ ಗಂಡಸು, ಮಗಳ ದುಡ್ಡು ಮುಟ್ಟಿದ್ದಕ್ಕೆ. ಇಡೀ ಸಿನಿಮಾದಲ್ಲಿ ಇದಕ್ಕಿಂತ ದೊಡ್ಡ ಏಟಿಲ್ಲ. ಮುಂದೆ ಆ ದುಡ್ಡಿನ ಮೂಲ ಗೊತ್ತಾದಾಗ ಈ ದೃಶ್ಯವೇ ಮತ್ತೆ ಕಣ್ಣಮುಂದೆ ಬರುತ್ತದೆ.

ಕಥೆ ಬರೆದ ಜಿಮ್ ಆಲನ್ ಸ್ವತಃ ಗಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿದವರು. ಮ್ಯಾಂಚೆಸ್ಟರ್ ಪಕ್ಕದ ಮಿಡಲ್‌ಟನ್ ಅವರದೇ ಜಾಗ, ಕಥೆ ನಡೆಯುವುದೂ ಅಲ್ಲೇ. ಅದಕ್ಕೇ ಮಾತು ಎಲ್ಲೂ ಕಟ್ಟಿದ ಹಾಗೆ ಕೇಳುವುದಿಲ್ಲ. ನಿರ್ದೇಶಕ ಕೆನ್ ಲೋಚ್‌ಗೆ 1993ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಬಂತು.

ಬುದ್ಧಿ ಬೇಡ್ವಾ ಅಂದೆಯಲ್ಲ, ಆ ಪ್ರಶ್ನೆಯನ್ನು ಸಾಲ ಕೊಟ್ಟವನಿಗೆ ಕೇಳಬೇಕು. ಬಾಬ್ ಸಾಲ ತೆಗೆದದ್ದು ಒಬ್ಬನ ಹತ್ತಿರ, ವಸೂಲಿಗೆ ಬರುವವನು ಇನ್ನೊಬ್ಬ, ಟ್ಯಾನ್ಸಿ. ಅದೂ ಬಾಬ್ ಮನೆಯಲ್ಲಿ ಇಲ್ಲದ ಹೊತ್ತಿಗೆ. ಹೆಂಡತಿ ಆ್ಯನ್ ಇದ್ದಾಳೆ, ಪುಟ್ಟ ಕೋಲೀನ್ ಇದ್ದಾಳೆ. ಬೆರಳಿನ ಉಂಗುರವನ್ನೂ ಬಿಡುವುದಿಲ್ಲ ಅವನು.

ಉಳಿದರ್ಧ ಅಲ್ಲಿಂದ ನೋಡು. ಮುಗಿದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ನಿನ್ನ,
ಗೆಳೆಯ