ನೀರು, ಡ್ರೈನೇಜು, ರೋಡಿನ ಚಾರ್ಜು ಇನ್ಮೇಲೆ ರೌಂಡ್ ಫಿಗರ್ ಅಲ್ಲ, ರಸೀದಿ ಪ್ರಕಾರ

ನಮಸ್ಕಾರ,

ನಮ್ಮ ಹತ್ರ ಫ್ಲಾಟ್ ಬುಕ್ ಮಾಡಿರೋರು, ಮಾಡ್ಬೇಕು ಅಂತ ಸೈಟ್ ನೋಡ್ಕೊಂಡು ಹೋಗಿರೋರು ಎಲ್ಲರೂ ಇದನ್ನ ಒಂದ್ಸಲ ಪೂರ್ತಿ ಓದಿ, ದುಡ್ಡಿನ ವಿಷಯ.

ಇದುವರೆಗೂ ಕೊಟೇಶನ್ ಕೊಡುವಾಗ ಕೊನೇ ಲೈನಲ್ಲಿ 'ನೀರು, ಕರೆಂಟು, ಇತರೆ ಚಾರ್ಜಸ್' ಅಂತ ಒಂದು ರೌಂಡ್ ಫಿಗರ್ ಬರೀತಿದ್ವಿ. ಹೋದ ಪ್ರಾಜೆಕ್ಟಲ್ಲಿ 16 ಫ್ಲಾಟಿಗೂ ಹಂಗೇ ಬರೆದು, ಆಮೇಲೆ ಪಾಲಿಕೆ, ಜಲಮಂಡಳಿಯಿಂದ 'ಇಷ್ಟು ಕಟ್ಟಿ' ಅನ್ನೋ ಡಿಮ್ಯಾಂಡ್ ನೋಟಿಸ್ ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಬಂತು, ರಿಜಿಸ್ಟ್ರೇಶನ್ ಟೈಮಲ್ಲಿ ನಿಮ್ಮನ್ನ ಮತ್ತೆ ದುಡ್ಡು ಕೇಳ್ಬೇಕಾಯ್ತು. ಲೋನ್ ಎಲ್ಲ ಮುಗಿಸಿ ಕೂತಿರೋರ ಹತ್ರ ಹಂಗೆ ಕೇಳಿದ್ದು ತಪ್ಪು, ಲೆಕ್ಕ ಮೊದಲೇ ಹಾಕ್ಬೇಕಾಗಿದ್ದಿದ್ದು ನಾವು. ಕ್ಷಮಿಸಿ.

ಈ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ತುಂಬಾ ಜನ ಕೇಳಿದ್ರಿ. ಪ್ಲಾನ್ ಸ್ಯಾಂಕ್ಷನ್ ಆಗುವಾಗ ಪಾಲಿಕೆಗೆ ಲೈಸೆನ್ಸ್ ಫೀ, ಬೆಟರ್‌ಮೆಂಟ್ ಚಾರ್ಜು (ಏರಿಯಾ ಸುಧಾರಣೆಗೆ ಅಂತ ತಗೊಳ್ಳೋದು) ಕಟ್ಟಬೇಕು, ಜೊತೆಗೆ 1961ರ ನಗರ ಯೋಜನಾ ಕಾಯ್ದೆ ಪ್ರಕಾರ ನೀರು, ರಿಂಗ್ ರೋಡು, ಸ್ಲಮ್ ಸುಧಾರಣೆ, ಮೆಟ್ರೋ ತರದ ಸಾರಿಗೆ ಇವಕ್ಕೆಲ್ಲ ಸೆಸ್ಸು. ನೀರು, ಡ್ರೈನೇಜು ಕನೆಕ್ಷನ್‌ಗೆ ಜಲಮಂಡಳಿಗೆ ಪ್ರೊರೇಟಾ ಅಂತ ಬೇರೆ, ಅದು ಕಟ್ಟಡದ ಏರಿಯಾ ಮೇಲೆ ಲೆಕ್ಕ. ಹೈದರಾಬಾದಲ್ಲಿ ಇದಕ್ಕೆ ಇಂಪ್ಯಾಕ್ಟ್ ಫೀ ಅಂತಲೇ ಹೆಸರು, ನಮ್ಮ ಬೆಂಗಳೂರಲ್ಲಿ ಹತ್ತು ಹೆಸರಲ್ಲಿ ಚದುರಿಹೋಗಿದೆ ಅಷ್ಟೇ. ಇದ್ರಲ್ಲಿ ಒಂದು ರೂಪಾಯಿನೂ ನಮ್ಮ ಲಾಭ ಅಲ್ಲ.

ಕಟ್ಟಲೇಬೇಕಾ ಅಂದ್ರೆ ಹೌದು, ಕಟ್ಟಲೇಬೇಕು, ನಾವು ಅದನ್ನ ಮನಸಿಂದಲೇ ಹೇಳ್ತೀವಿ. ಮೊದಲು ಒಂದು ಮನೆ ಇದ್ದ ಜಾಗದಲ್ಲಿ ನಾವು 16 ಸಂಸಾರ ತಂದು ಕೂರಿಸ್ತೀವಿ, ಅಷ್ಟೂ ಜನರ ನೀರು, ಅಷ್ಟೂ ಜನರ ಕೊಳಚೆ, ಅಷ್ಟೂ ಗಾಡಿ ಅದೇ ಬೀದಿಗೆ ಬೀಳುತ್ತೆ, ಅಲ್ಲಿ ಮೂವತ್ತು ವರ್ಷದಿಂದ ಇರೋರು ಯಾಕೆ ಅದರ ಭಾರ ಹೊರಬೇಕು? ನಮ್ಮ ಸೈಟುಗಳೆಲ್ಲ ಇರೋದು 2007ರಲ್ಲಿ ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಗೆ ಸೇರಿದ 110 ಹಳ್ಳಿ ಏರಿಯಾದಲ್ಲಿ. ಆ ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ 5ನೇ ಹಂತ, 775 ಎಂಎಲ್‌ಡಿ ಅಂದ್ರೆ ದಿನಕ್ಕೆ 77.5 ಕೋಟಿ ಲೀಟರ್ ನೀರು, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ. ಹದಿನೇಳು ವರ್ಷ! ಅದೇ ವರ್ಷ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ನೀವು ಕೊಟ್ಟಿದ್ದು ಎಷ್ಟು ಅಂತ ನಿಮಗೇ ಗೊತ್ತು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ನೀರನ್ನ ಮೇಲಕ್ಕೆ ಪಂಪ್ ಮಾಡಿ ತರಬೇಕು, ಅದು ಬಿಟ್ಟಿ ಬರಲ್ಲ. ಹಂಗಂತ ಕಟ್ಟಿಸ್ಕೊಂಡ ಏರಿಯಾಗೇ ಆ ದುಡ್ಡು ಖರ್ಚಾಗ್ಬೇಕು, ಯಾವ ರೋಡಿಗೆ ಪೈಪ್ ಹಾಕಿದ್ರು ಅಂತ ಜನಕ್ಕೆ ಕಾಣ್ಬೇಕು, ಇದನ್ನ ನಾವು ಕೇಳ್ತಾನೇ ಇರ್ತೀವಿ, ನೀವೂ ಕೇಳಿ.

ಈಗ ಬದಲಾವಣೆ ಏನಂದ್ರೆ, ಹೊಸ ಪ್ರಾಜೆಕ್ಟಿಂದ ಈ ಚಾರ್ಜುಗಳನ್ನ ಒಂದೊಂದಾಗಿ ಅಗ್ರಿಮೆಂಟಲ್ಲೇ ಬರೀತೀವಿ, ಫ್ಲಾಟಿನ ಸ್ಕ್ವೇರ್ ಫೀಟ್ ಪ್ರಕಾರ ಹಂಚ್ತೀವಿ, ರಸೀದಿ ಜೆರಾಕ್ಸ್ ಕೊಡ್ತೀವಿ. ಅಂದಾಜಿಗಿಂತ ಕಮ್ಮಿ ಬಂದ್ರೆ ಕೊನೇ ಕಂತಲ್ಲಿ ಕಳೀತೀವಿ, ಜಾಸ್ತಿ ಬಂದ್ರೆ 10 ಪರ್ಸೆಂಟ್‌ವರೆಗೂ ನಾವೇ ಹೊರ್ತೀವಿ, ಅದರ ಮೇಲೆ ಹೋದ್ರೆ ಮಾತ್ರ ನೋಟಿಸ್ ತೋರಿಸಿ ಕೇಳ್ತೀವಿ. ಜಾಯಿಂಟ್ ಡೆವಲಪ್‌ಮೆಂಟಲ್ಲಿ (ಜಾಗ ಓನರ್‌ದು, ಕಟ್ಟೋದು ನಾವು, ಫ್ಲಾಟು ಇಬ್ಬರಿಗೂ ಹಂಚಿಕೆ) ಜಾಗದ ಓನರ್ ಪಾಲಿನ ಫ್ಲಾಟುಗಳೂ ಇದೇ ಲೆಕ್ಕಕ್ಕೆ ಬರುತ್ತೆ, ಮೊದಲು ಅದನ್ನೂ ಬಾಕಿ ಫ್ಲಾಟುಗಳ ಮೇಲೇ ಹಾಕ್ತಿದ್ವಿ, ಅದು ಸರಿ ಇರ್ಲಿಲ್ಲ. ಇನ್ನೊಂದು, ಚಾರ್ಜು ಎಷ್ಟು ಅಂತ ಮೊದಲೇ ಗೊತ್ತಿದ್ರೆ ಜಾಗದ ರೇಟ್ ಮಾತಾಡುವಾಗಲೇ ಇಳಿಸಿ ಕೇಳಬಹುದು, ಆಮೇಲೆ ಗೊತ್ತಾದ್ರೆ ಅದು ಸೀದಾ ನಿಮ್ಮ ತಲೆ ಮೇಲೆ ಬರುತ್ತೆ. ಅದಕ್ಕೇ ಇನ್ಮೇಲೆ ಜಾಗ ತಗೊಳ್ಳೋ ಮೊದಲೇ ಈ ಲೆಕ್ಕ ಹಾಕ್ತೀವಿ.

ಈಗಾಗ್ಲೇ ಅಗ್ರಿಮೆಂಟ್ ಆಗಿರೋರಿಗೆ ಏನೂ ಬದಲಾಗಲ್ಲ, ಬರೆದಿರೋ ಮೊತ್ತವೇ ಫೈನಲ್. ಹೋದ ಪ್ರಾಜೆಕ್ಟಿನ ರಸೀದಿಗಳನ್ನೆಲ್ಲ ಒಂದು ಫೈಲ್ ಮಾಡಿ ಸೈಟ್ ಆಫೀಸಲ್ಲಿ ಇಟ್ಟಿದೀವಿ, ಭಾನುವಾರ ಬೆಳಿಗ್ಗೆ ಯಾರು ಬೇಕಾದ್ರೂ ಬಂದು ನೋಡಿ, ಲೆಕ್ಕ ತಪ್ಪಿದೆ ಅನ್ಸಿದ್ರೆ ಅಲ್ಲೇ ಕೂತು ಸರಿ ಮಾಡೋಣ.