ಲೈನ್‌ಮನ್ ಊರಿಗೆ ವಾಪಸ್ ಬಂದಿದ್ದ

ಎಲ್ಲರಿಗೂ ನಮಸ್ಕಾರ. ಈ ಸಲದ ದೀಪಾವಳಿ ಸಂಚಿಕೆ ಲೇಟಾಯ್ತು, ಕಾರಣ ಪೂರ್ತಿ ನಾನೇ, ಬೇರೆ ಯಾರನ್ನೂ ಬೈಬೇಡಿ.

2025ರ ಸೆಪ್ಟೆಂಬರ್ 28, ಭಾನುವಾರ ಬೆಳಿಗ್ಗೆ, ಇಲ್ಲಿ ಅಮೆರಿಕದ ಅಯೋವಾದಲ್ಲಿ ನಮ್ಮನೆ ಬೇಸ್‌ಮೆಂಟಲ್ಲಿ ನಮ್ಮ ಸಂಘದ ದೀಪಾವಳಿ ನಾಟಕದ ಪ್ರಾಕ್ಟೀಸು. ಹತ್ತು ಹನ್ನೆರಡು ಜನ ಬಂದಿದ್ರು, ಆದ್ರೆ ಸ್ಕ್ರಿಪ್ಟ್ ಕೈಲಿ ಹಿಡಿದಿದ್ದು ಇಬ್ಬರೋ ಮೂವರೋ, ಮಿಕ್ಕವರೆಲ್ಲ ಒಂದು ಫೋನ್ ಸುತ್ತ ಮುತ್ಕೊಂಡು ಜೋರು ಜೋರಾಗಿ ವಾದ ಮಾಡ್ತಿದ್ರು. ಅದೇ ಟೈಮಿಗೆ ನಾನು ಅಮ್ಮಂಗೆ ಫೋನ್ ಮಾಡಿದೆ ನೋಡಿ. ಏನೇ ಅದು ಗಲಾಟೆ, ಯಾರು ಜಗಳ ಆಡ್ತಿರೋದು ಅಂದ್ಲು. ಏನಿಲ್ಲ ಅಮ್ಮ, ಒಬ್ಬ ಲೈನ್‌ಮನ್ ವಿಷಯ, ಟ್ರಾನ್ಸ್‌ಫರ್ ತಗೊಂಡು ಸ್ವಂತ ಊರಿಗೆ ಬಂದಿದ್ದ, ಎರಡೇ ತಿಂಗಳಿಗೆ ವಾಪಸ್ ಹೋಗ್ಬಿಟ್ಟ, ಅದು ಸರಿನಾ ತಪ್ಪಾ ಅಂತ ಕಿತ್ತಾಡ್ತಿದಾರೆ ಅಂದೆ. ಅಮ್ಮ ತಕ್ಷಣ, "ಅಯ್ಯೋ ನಮ್ಮಲ್ಲೂ ಹಂಗೇ ಆಯ್ತು ಕಣೆ, ನಮ್ಮ ಲೈನ್‌ಮನ್ ಗದಗದ ಕಡೆಯವನು, ಪಾಪ ಒಳ್ಳೆ ಹುಡುಗ, ಸ್ವಂತ ಜಿಲ್ಲೆಗೆ ಹಾಕಿಸ್ಕೊಂಡು ಹೋದ, ಈಗ ಟ್ರಾನ್ಸ್‌ಫಾರ್ಮರ್ ಸುಟ್ಟೋದ್ರೆ ಕೇಳೋರೇ ದಿಕ್ಕಿಲ್ಲ" ಅಂತ ಶುರು ಮಾಡಿದ್ಲು. ಅರಸೀಕೆರೆ ಪಕ್ಕದ ಹಳ್ಳಿಲಿ ಕೂತಿರೋಳಿಗೆ ಲೈನ್‌ಮನ್ ಅಂದ್ರೆ ಕಂಬ ಹತ್ತೋನು ತಾನೇ. ಅಮೆರಿಕನ್ ಫುಟ್‌ಬಾಲ್ ಲೈನ್‌ಮನ್ ಅಂತ ಬಿಡಿಸಿ ಹೇಳೋಕೆ ಹೋಗಿ ಇನ್ನೂ ಕೆಡಿಸ್ಕೊಂಡೆ.

ಆ ಫೋನಲ್ಲಿ ಎಲ್ಲರೂ ನೋಡ್ತಿದ್ದದ್ದು ಹಿಂದಿನ ರಾತ್ರಿ ಮ್ಯಾಚಿನ ಒಂದು ತುಣುಕು. ಅಲಬಾಮಾ ಯೂನಿವರ್ಸಿಟಿಯವರು ಜಾರ್ಜಿಯಾ ಯೂನಿವರ್ಸಿಟಿ ಮೇಲೆ ಅವರ ಗ್ರೌಂಡಲ್ಲೇ 24-21ಕ್ಕೆ ಗೆದ್ದಿದ್ರು. ಅದರಲ್ಲಿ ಅಲಬಾಮಾದ ಲೆಫ್ಟ್ ಟ್ಯಾಕಲ್, ಅಂದ್ರೆ ಎದುರಾಳಿಗಳನ್ನ ತಡೆಯೋ ಸಾಲಲ್ಲಿ ಎಡಕ್ಕೆ ನಿಲ್ಲೋ ಲೈನ್‌ಮನ್, 6 ಅಡಿ 7 ಇಂಚು, 360 ಪೌಂಡಿಗೂ ಮೇಲೆ ಅಂದ್ರೆ ನಮ್ಮ ಲೆಕ್ಕದಲ್ಲಿ 160 ಕೇಜಿಗೂ ಜಾಸ್ತಿ ಇರೋ ಹುಡುಗ, ಬಾಲ್ ಕ್ಯಾಚ್ ಹಿಡಿದು ಓಡ್ತಾನೆ. ಹನ್ನೊಂದೇ ಗಜ, ಆದ್ರೆ ಅವನ ಕಾಲಿಗೆ ಅಡ್ಡ ಬಂದವರ ಕಥೆ ನೋಡಿದ್ರೆ ನಗು ಬರುತ್ತೆ, ಮದುವೆ ಮನೇಲಿ ಹೋರಿ ನುಗ್ಗಿದ ಹಂಗೆ. ಅದನ್ನ ಹಾಕಿದ್ದು ನಮ್ಮ ಖಜಾಂಚಿಯವರು. ಹಾಕಿ, ಹೊಟ್ಟೆ ಉರ್ಕೊಂಡು, "ಇವನು ನಮ್ಮ ಹುಡುಗ ರೀ, ಇಲ್ಲಿ ಇರ್ಬೇಕಿತ್ತು" ಅಂದ್ರು. ಅಲ್ಲಿಂದ ಪ್ರಾಕ್ಟೀಸ್ ಮುಗೀತು.

ಹುಡುಗನ ಹೆಸರು ಕೇಡನ್ ಪ್ರಾಕ್ಟರ್. ಗೊತ್ತಿಲ್ದೇ ಇರೋರಿಗೆ, ಅಂದ್ರೆ ಈಚೆಗೆ ಈ ಕಡೆ ಬಂದಿರೋರಿಗೆ, ಸ್ವಲ್ಪ ಹಿಂದಿಂದು ಹೇಳ್ತೀನಿ. ಇಲ್ಲೇ ಡಿಮಾಯ್ನ್ ಪಕ್ಕದ ಪ್ಲೆಸೆಂಟ್ ಹಿಲ್, ಸೌತ್‌ಈಸ್ಟ್ ಪೋಕ್ ಹೈಸ್ಕೂಲು. ದೇಶದ ದೊಡ್ಡ ದೊಡ್ಡ ಕಾಲೇಜಿನವರೆಲ್ಲ ಹಿಂದೆ ಬಿದ್ದಿದ್ರು, ಆದ್ರೂ 2022ರ ಜೂನಲ್ಲಿ ನಾನು ನಮ್ಮ ಅಯೋವಾ ಯೂನಿವರ್ಸಿಟಿಗೇ ಬರ್ತೀನಿ ಅಂದ. ಊರಿಗೆ ಊರೇ ಕುಣಿದಾಡ್ತು. ಡಿಸೆಂಬರಲ್ಲಿ ಸೈನ್ ಹಾಕೋ ಹೊತ್ತಿಗೆ ಅಲಬಾಮಾಗೆ ಹಾಕ್ದ. ನಿಶ್ಚಿತಾರ್ಥ ಇಲ್ಲಿ, ತಾಳಿ ಅಲ್ಲಿ. ಅಲ್ಲಿ ಮೊದಲ ವರ್ಷವೇ 14ಕ್ಕೆ 14 ಮ್ಯಾಚಲ್ಲೂ ಲೆಫ್ಟ್ ಟ್ಯಾಕಲ್ ಆಗಿ ನಿಂತ, ಹದಿನೆಂಟರ ಹುಡುಗನಿಗೆ ಅದು ಸಣ್ಣ ಮಾತಲ್ಲ. 2024ರ ಜನವರಿ 1ಕ್ಕೆ ರೋಸ್ ಬೌಲ್ ಅನ್ನೋ ದೊಡ್ಡ ಮ್ಯಾಚಲ್ಲಿ ಮಿಷಿಗನ್ ಮೇಲೆ ಓವರ್‌ಟೈಮಲ್ಲಿ 27-20ಕ್ಕೆ ಸೋತ್ರು, ಹತ್ತೇ ದಿನದಲ್ಲಿ, ಜನವರಿ 10ಕ್ಕೆ, ಕೋಚ್ ನಿಕ್ ಸೇಬನ್ ರಿಟೈರ್ ಆಗಿಬಿಟ್ರು. ಆಗ ಕೋಚ್ ಹೋದ್ರೆ ಆಟಗಾರರಿಗೆ 30 ದಿನ ಬಾಗಿಲು ತೆಗೀತಿದ್ರು, ಯಾರು ಎಲ್ಲಿಗೆ ಬೇಕಾದ್ರೂ ಹೋಗ್ಬಹುದಿತ್ತು. ಇವನೂ ಹೊರಟ.

ಆ ವಾರ ನೆನಪಿದ್ಯಾ ನಿಮಗೆ? ಹಿಮ ಬಿದ್ದು ಬಿದ್ದು ಡ್ರೈವ್‌ವೇ ಕಾಣ್ತಿರಲಿಲ್ಲ, ಸಂಕ್ರಾಂತಿ ದಿನವೇ ಅಯೋವಾ ಕಾಕಸ್ಸು (ಅಧ್ಯಕ್ಷರ ಚುನಾವಣೆಗೆ ಪಕ್ಷದ ಅಭ್ಯರ್ಥಿ ಆರಿಸೋ ಸಭೆ), ಹೊರಗೆ ಮೂಗು ಉದುರಿ ಹೋಗೋ ಚಳಿ, ಎಳ್ಳು ಬೀರೋಕೆ ಪಕ್ಕದ ಬೀದಿಗೆ ಹೋಗೋಕೂ ಆಗದೆ ಡಬ್ಬಿಗಳೆಲ್ಲ ಹಾಗೇ ಅಡುಗೆ ಮನೆ ಕಟ್ಟೆ ಮೇಲೆ ಕೂತಿದ್ವು. ಆದ್ರೆ ನಮ್ಮ ಗಂಡಸರ ಬಾಯಲ್ಲಿ ಮಾತ್ರ ಒಂದೇ, ಹುಡುಗ ಬರ್ತಾನಂತೆ, ಬರಲ್ವಂತೆ, ಅವನ ಕಾರು ಯೂನಿವರ್ಸಿಟಿ ಇರೋ ಅಯೋವಾ ಸಿಟಿಲಿ ಕಾಣಿಸ್ತಂತೆ. ತಿಂಗಳು ಮುಗಿಯೋ ಮುಂಚೆ ಬಂದೇ ಬಂದ. ಕ್ಲಾಸಿಗೆ ಸೇರ್ದ, ವರ್ಕ್‌ಔಟ್ ಮಾಡ್ದ. ಮಾರ್ಚಲ್ಲಿ, ಬಿಸಿಲು ಕಾಣೋ ಹೊತ್ತಿಗೆ, ವಾಪಸ್ ಅಲಬಾಮಾಗೆ ಹೊರಟ. ಹಾಕ್‌ಐ, ಅಂದ್ರೆ ನಮ್ಮ ಅಯೋವಾ ಟೀಮಿನ ಜರ್ಸಿಲಿ ಒಂದೇ ಒಂದು ಮ್ಯಾಚೂ ಆಡಲಿಲ್ಲ.

ಇದಕ್ಕೆ ಯಾಕಿಷ್ಟು ಸಂಕಟ ಅಂತ ಬೆಂಗಳೂರಿಂದ ಬಂದ ಹೊಸಬರು ಕೇಳ್ತಾರೆ. ನೋಡಿ, ನಮ್ಮ ರಾಜ್ಯದಲ್ಲಿ ಇರೋದೇ 32 ಲಕ್ಷ ಚಿಲ್ಲರೆ ಜನ, ಒಂದು ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್) ಟೀಮಿಲ್ಲ, ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಟೀಮಿಲ್ಲ, ದೊಡ್ಡ ಬೇಸ್‌ಬಾಲ್ ಟೀಮಿಲ್ಲ. ಇರೋದು ಕಾಲೇಜು. ಕಾಲೇಜಲ್ಲೂ ಹೆಸರು ಮಾಡಿರೋದು ಯಾವುದಕ್ಕೆ ಅಂದ್ರೆ ಪಾಸು ರನ್ನು ಅಲ್ಲ, ಈ ಲೈನಿಗೆ. ಕೋಚ್ ಕರ್ಕ್ ಫೆರೆಂಟ್ಸ್ 1999ರಿಂದ ಇದಾರೆ, ಅದಕ್ಕೂ ಮುಂಚೆ ಅವರೇ ಇಲ್ಲಿ ಲೈನ್ ಕೋಚ್ ಆಗಿದ್ದೋರು. ಮೌಂಟ್ ವರ್ನನ್‌ನ ಟ್ರಿಸ್ಟನ್ ವರ್ಫ್ಸ್ 2020ರ ಡ್ರಾಫ್ಟಲ್ಲಿ, ಅಂದ್ರೆ ಎನ್‌ಎಫ್‌ಎಲ್‌ನವರು ಹೊಸ ಹುಡುಗರನ್ನ ಆರಿಸ್ಕೊಳ್ಳೋದ್ರಲ್ಲಿ, 13ನೇಯವನು, ಪಕ್ಕದೂರು ಸೋಲನ್‌ನ ಟೈಲರ್ ಲಿಂಡರ್‌ಬಾಮ್ 2022ರಲ್ಲಿ 25ನೇಯವನು. ಇಬ್ಬರೂ ಹೈಸ್ಕೂಲಲ್ಲಿ ಒಬ್ಬರ ಮೇಲೊಬ್ಬರು ಕುಸ್ತಿ ಆಡಿದೋರು. ನಮ್ಮ ಮೈಸೂರಿನ ಗರಡಿ ಮನೆಗಳ ಥರ ಇಲ್ಲಿ ಜೋಳದ ಹೊಲದ ಮಧ್ಯೆ ಒಂದೊಂದು ಹೈಸ್ಕೂಲು, ಒಂದೊಂದರಲ್ಲೂ ಕುಸ್ತಿ ರೂಮು.

ಲೈನ್‌ಮನ್ ಕೆಲಸ ಏನು ಅಂತ ನಂಗೆ ಅರ್ಥ ಆಗೋಕೇ ಆರು ವರ್ಷ ಬೇಕಾಯ್ತು. ಮೊನ್ನೆ ಜಂಬೂಸವಾರಿ ಲೈವ್ ನೋಡಿರ್ತೀರಲ್ಲ, ಎಲ್ಲರ ಕಣ್ಣೂ ಅಂಬಾರಿ ಹೊತ್ತ ಅಭಿಮನ್ಯು ಮೇಲೆ, ಅವನ ಎಡಕ್ಕೂ ಬಲಕ್ಕೂ ಹೆಜ್ಜೆಗೆ ಹೆಜ್ಜೆ ಹಾಕೋ ಕುಮ್ಕಿ ಆನೆಗಳ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ. ಹಂಗೇ ಇದು. ಕ್ವಾರ್ಟರ್‌ಬ್ಯಾಕ್ ಬಲಗೈಯಲ್ಲಿ ಬಾಲ್ ಎಸೆಯೋಕೆ ತಿರುಗಿದಾಗ ಎಡಗಡೆ ಬೆನ್ನು ಅವನಿಗೆ ಕಾಣಲ್ಲ, ಆ ಬೆನ್ನು ಕಾಯೋನು ಲೆಫ್ಟ್ ಟ್ಯಾಕಲ್. ಟೀವಿಲಿ ಇವನ ಹೆಸರು ಬಂತು ಅಂದ್ರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ನಂಗೆ ನಮ್ಮ ಮಗನೇ ಹೇಳ್ಕೊಟ್ಟಿದ್ದು, ಅಮ್ಮ ಬಾಲ್ ನೋಡ್ಬೇಡ, 10 ಸೆಕೆಂಡ್ ಆ ದಪ್ಪ ಹುಡುಗನ ಕಾಲು ಮಾತ್ರ ನೋಡು ಅಂತ. ನೋಡಿದೆ. ಅಷ್ಟು ದೊಡ್ಡ ದೇಹ, ಹಿಂದಕ್ಕೆ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ, ಕಾಲು ಒಂದಕ್ಕೊಂದು ತಾಗಂಗಿಲ್ಲ, ಭರತನಾಟ್ಯದ ಟೀಚರ್ ಮಂಡಿ ಮಡಿಸು ಮಂಡಿ ಮಡಿಸು ಅಂತಾರಲ್ಲ ಹಂಗೇ ಮಂಡಿ ಮಡಿಸಿಕೊಂಡೇ. ಅವತ್ತಿಂದ ನಾನು ಬಾಲ್ ನೋಡೋದು ಬಿಟ್ಟೆ.

ಸರಿ, ಜಗಳಕ್ಕೆ ಬರೋಣ. ಖಜಾಂಚಿಯವರ ವಾದ, ಮಾತು ಕೊಟ್ಟ ಮೇಲೆ ಮಾತು. ಒಂದ್ಸಲ ಅಲ್ಲ ಎರಡು ಸಲ ಕೊಟ್ಟು ಎರಡು ಸಲವೂ ತಪ್ಪಿದ. ಬೇಡ ಅಂದಿದ್ರೆ ಯಾರೂ ಬೇಜಾರಾಗ್ತಿರಲಿಲ್ಲ, ಬಂದು ಹೋದ್ನಲ್ಲ ಅದು ಉರಿಯೋದು. ಜೊತೆಗೆ ಅದೇ ಚಳಿಗಾಲದಲ್ಲಿ ನಮ್ಮ ವೆಸ್ಟ್ ಡಿಮಾಯ್ನ್ ಹುಡುಗಿ ಕೇಟ್ಲಿನ್ ಕ್ಲಾರ್ಕ್ ಅಯೋವಾ ಸಿಟಿಲಿ ಬ್ಯಾಸ್ಕೆಟ್‌ಬಾಲಲ್ಲಿ ರೆಕಾರ್ಡ್ ಮೇಲೆ ರೆಕಾರ್ಡ್ ಮುರೀತಿದ್ಲು, ಬೇರೆ ಕಡೆ ಹೋಗೋ ಅವಕಾಶ ಇದ್ರೂ ಊರಲ್ಲೇ ಆಡಿದ್ಲು, ಅವಳನ್ನ ನೋಡಿ ಕಲೀಬಾರದಿತ್ತಾ ಅಂತ. ಧಾರವಾಡದ ನಮ್ಮ ಕಾಕಾ ಒಪ್ಪಲಿಲ್ಲ. "ಬಿಡ್ರಿ, ಸಣ್ ಹುಡುಗ ಅದಾನ, ಅವಂದೇನ್ ತಪ್ಪೈತಿ? ಕೋಚ್‌ಗೋಳು ಕಾಂಟ್ರಾಕ್ಟ್ ಮುರಕೊಂಡ್ ಹೋದ್ರ ಪ್ರಮೋಷನ್, ಹುಡುಗ ಹೋದ್ರ ದ್ರೋಹ ಏನ್ರೀ?" ಅಂದ್ರು. ಸೇಬನ್ ಜಾಗಕ್ಕೆ ಬಂದ ಕಾಲೆನ್ ಡಿಬೋರ್ ವಾಷಿಂಗ್ಟನ್ ಟೀಮ್ ಬಿಟ್ಟೇ ತಾನೇ ಬಂದಿದ್ದು. ಇದಕ್ಕೆ ಖಜಾಂಚಿಯವರ ಹತ್ರ ಉತ್ತರ ಇರಲಿಲ್ಲ, ಆದ್ರೂ ಸುಮ್ನಾಗಲಿಲ್ಲ, ದುಡ್ಡಿನ ವಿಷಯಕ್ಕೆ ಹೋದ್ರು. ಎಷ್ಟು ಕೊಟ್ರು ಅನ್ನೋದಕ್ಕೆ ಒಬ್ಬೊಬ್ಬರದ್ದೂ ಒಂದೊಂದು ಸಂಖ್ಯೆ, ಹರಾಜಲ್ಲಿ ಕೂಗಿದ ಹಂಗೆ ಏರ್ತಾ ಹೋಯ್ತು. 2021ರ ಜುಲೈವರೆಗೆ ಈ ಹುಡುಗರು ತಮ್ಮ ಹೆಸರಲ್ಲಿ ನಯಾಪೈಸೆ ದುಡಿಯಂಗಿರಲಿಲ್ಲ, 2025ರ ಜುಲೈಗೆ ಕಾಲೇಜೇ ವರ್ಷಕ್ಕೆ 20.5 ಮಿಲಿಯನ್ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದು ಅಂತಾಯ್ತು. ಸ್ಟೇಡಿಯಂ ತುಂಬ 69,000 ಟಿಕೆಟ್ ಮಾರಿದಾಗ ಇಲ್ದಿರೋ ಬೇಜಾರು ಹುಡುಗನ ಕೈಗೆ ನಾಲ್ಕು ಕಾಸು ಬಂದಾಗ ನಮಗ್ಯಾಕೆ ಅನ್ನೋದು ನನ್ನ ಪ್ರಶ್ನೆ.

ಮೂಲೇಲಿ ಕೂತಿದ್ದ ನಮ್ಮೆಜಮಾನ್ರು, ಏಮ್ಸ್‌ನಲ್ಲಿ ಓದಿದವರು, ಅಲ್ಲಿನ ಅಯೋವಾ ಸ್ಟೇಟ್ ಯೂನಿವರ್ಸಿಟಿ ಟೀಮು ಸೈಕ್ಲೋನ್ಸ್ ಕಡೆಯವರು, ಇಷ್ಟೊತ್ತೂ ಚಕ್ಕುಲಿ ತಿಂತಾ ಇದ್ದೋರು ಒಂದೇ ಮಾತು ಹೇಳಿದ್ರು, "16-13". ಸೆಪ್ಟೆಂಬರ್ 6ಕ್ಕೆ ಸೈಕ್ಲೋನ್ಸ್ ಹಾಕ್‌ಐನ ಸೋಲಿಸಿದ ಮ್ಯಾಚ್ ಸ್ಕೋರು. ಹಾಕ್‌ಐನವರೆಲ್ಲ ಒಂದಾಗಿ ಅವರ ಮೇಲೆ ಬಿದ್ರು, ಐದು ನಿಮಿಷ ಪ್ರಾಕ್ಟರ್ ಬಚಾವ್.

ಊರಲ್ಲೂ ಇದೇ ಕಥೆ ಅಲ್ವಾ. ಕರುಣ್ ನಾಯರ್‌ನ ನಮ್ಮವರು ಬಿಟ್ಟಾಗ ಎನ್‌ಒಸಿ ತಗೊಂಡು ವಿದರ್ಭಕ್ಕೆ ಹೋದ್ರು, 2025ರ ರಣಜಿ ಫೈನಲಲ್ಲಿ ಕೇರಳದ ಮೇಲೆ 86, 135 ಹೊಡೆದು ಅವರಿಗೆ ಕಪ್ ಗೆಲ್ಲಿಸಿಕೊಟ್ರು, 2025-26ರ ಸೀಸನ್‌ಗೆ ಮತ್ತೆ ಕರ್ನಾಟಕಕ್ಕೆ ಬಂದ್ರು. ಬಂದಿದ್ದಕ್ಕೆ ಖುಷಿ ಪಡೋರು ಒಂದಷ್ಟು, ಈ ವಯಸ್ಸಲ್ಲಿ ಯಾಕೆ, ಹುಡುಗರ ಜಾಗ ಹೋಯ್ತು ಅನ್ನೋರು ಒಂದಷ್ಟು. ತವರಿಗೆ ಬಂದ ಮಗಳನ್ನ ಮೊದಲ ವಾರ ಯಾವಾಗ ಬಂದೆ ಅಂತಾರೆ, ಎರಡನೇ ವಾರ ಯಾವಾಗ ಹೋಗ್ತೀಯ ಅಂತಾರೆ.

ಇಲ್ಲಿಗೆ ಬಂದಾಗ ನಾನು ಬಾಯಿ ಮುಚ್ಕೊಂಡೆ. ಹಳಬರಿಗೆ ಗೊತ್ತು, ನಾವೂ ಒಂದ್ಸಲ ಹೋಗಿ ಬಂದೋರೇ. 2014ರ ಜೂನಲ್ಲಿ ಮನೆ ಖಾಲಿ ಮಾಡಿ, ಕಾರು ಮಾರಿ, ಇದೇ ಸಂಘದವರು ಬೀಳ್ಕೊಡುಗೆ ಮಾಡಿ ಶಾಲು ಹೊದಿಸಿ, ನಾನು ಮೈಕ್ ಹಿಡ್ಕೊಂಡು ಅತ್ತು, ಇನ್ನು ನಮ್ಮೂರಲ್ಲೇ ಅಂತ ಹೇಳಿ ಹೋಗಿದ್ದು. ಹನ್ನೊಂದು ತಿಂಗಳು. ಮಗಂಗೆ ಸ್ಕೂಲ್ ಹಿಡಿಸಲಿಲ್ಲ, ಇವರಿಗೆ ಕೆಲಸ ಹಿಡಿಸಲಿಲ್ಲ, ನಂಗೆ ಎರಡೂ ಹಿಡಿಸಿತ್ತು ಆದ್ರೆ ಟ್ರಾಫಿಕ್ಕಲ್ಲಿ ಕೂತು ಕೂತು ಅಮ್ಮನ ಹತ್ರ ಹೋಗಿದ್ದೇ ನಾಲ್ಕು ಸಲ. ಇಲ್ಲಿಂದ ರಜೆಗೆ ಹೋದಾಗಲೇ ಅವಳ ಜೊತೆ ಜಾಸ್ತಿ ದಿನ ಇರ್ತಿದ್ದೆ. ವಾಪಸ್ ಬಂದಾಗ ಶಾಲು ಸೂಟ್‌ಕೇಸಲ್ಲೇ ಇತ್ತು, ಮೊದಲ ಪ್ರೋಗ್ರಾಂಗೆ ಹೋಗೋಕೆ ನಾಚಿಕೆ. ಯಾರೂ ಏನೂ ಅನ್ನಲಿಲ್ಲ, ಅದು ಸುಳ್ಳು, ಒಬ್ಬರು "ಏನು, ಶಾಲು ವಾಪಸ್ ಕೊಡ್ತೀರಾ?" ಅಂದ್ರು, ತಮಾಷೆಗೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನಂಗೆ. ಹೋಗುವಾಗ ಪಕ್ಕದ ಮನೆ ತಾತಂಗೆ ಸ್ನೋ ಬ್ಲೋವರನ್ನ 150 ಡಾಲರ್‌ಗೆ ಮಾರಿದ್ವಿ, ಬಂದ ಮೇಲೆ ಅದೇ ಬೀದಿಲಿ ಬೇರೆ ಮನೆ ಸಿಕ್ತು, ನವೆಂಬರಲ್ಲಿ ತಾತ ಅದನ್ನ ತಳ್ಕೊಂಡು ಬಂದು ಗರಾಜ್ ಮುಂದೆ ನಿಲ್ಲಿಸಿ, 150 ಡಾಲರ್ ಇಸ್ಕೊಂಡು ಹೋದ್ರು. ಒಂದು ಮಾತು ಕೇಳಲಿಲ್ಲ. ಪೆಟ್ರೋಲ್ ಕೂಡ ತುಂಬಿಸಿದ್ರು.

ಅದಕ್ಕೇ ಹೇಳ್ತೀನಿ, ಈ "ಊರ ಹುಡುಗ ವಾಪಸ್ ಬರ್ಬೇಕು" ಅನ್ನೋದಿದ್ಯಲ್ಲ, ಅದರಲ್ಲಿ ಹುಡುಗನ ಆಸೆಗಿಂತ ಊರಿನ ಆಸೆ ಜಾಸ್ತಿ. ನಮ್ಮ ಜೋಳದ ಹೊಲ, ನಮ್ಮ ಚಳಿ, ನಮ್ಮ ಸಣ್ಣ ಊರು, ಇದೆಲ್ಲ ಬಿಟ್ಟು ಹೋಗೋಕೆ ಲಾಯಕ್ಕಾದ ಜಾಗ ಅಲ್ಲ ಅಂತ 160 ಕೇಜಿಯ ಒಬ್ಬ ಸಾಕ್ಷಿ ಬಂದು ನಿಂತು ಹೇಳ್ಬೇಕು ನಮಗೆ. ಅವನು ಬಂದು, ಎರಡು ತಿಂಗಳು ಇದ್ದು, ಅಲ್ಲಿ ನನ್ನ ಫ್ರೆಂಡ್ಸು, ಅಲ್ಲೇ ಸರಿ ಅನ್ಸಿ ಹೋದ್ರೆ ಅದಕ್ಕೆ ದ್ರೋಹ ಅಂತ ಹೆಸರಿಡೋದು ಎಷ್ಟು ಸರಿ? ಇಷ್ಟೆಲ್ಲ ಬರೆದ ಮೇಲೂ ನಿಜ ಹೇಳ್ತೀನಿ, ಆ ಹನ್ನೊಂದು ಗಜದ ತುಣುಕು ನೋಡ್ದಾಗ ನಂಗೂ ಉರೀತು. ಅಯೋವಾ ಸಿಟಿಲಿ ಹಾಕ್‌ಐ ಆಡೋ ಕಿನಿಕ್ ಸ್ಟೇಡಿಯಮಲ್ಲಿ ಮೊದಲ ಕ್ವಾರ್ಟರ್ ಮುಗಿದ ತಕ್ಷಣ ಅಷ್ಟೂ ಜನ ತಿರುಗಿ ಪಕ್ಕದ ಮಕ್ಕಳ ಆಸ್ಪತ್ರೆ ಕಿಟಕಿಗಳ ಕಡೆ ಕೈ ಬೀಸ್ತಾರೆ, 2017ರಿಂದ ಇದೆ ಈ ಪದ್ಧತಿ, ನಾನು ಮೊದಲ ಸಲ ಹೋದಾಗ ಮೇಲಿನ ಕಿಟಕಿಲಿ ಯಾವುದೋ ಪಾಪು ಕೈ ಬೀಸಿದ್ದು ಕಂಡು ಗಂಟಲು ಕಟ್ಟಿತ್ತು. ಆ ಹುಡುಗನೂ ಆ ಹುಲ್ಲಿನ ಮೇಲೆ ನಿಂತು ಒಂದೇ ಒಂದ್ಸಲ ಕೈ ಬೀಸಿ ಹೋಗ್ಬಹುದಿತ್ತು ಅಂತ ಅನ್ಸುತ್ತೆ. ಆಮೇಲೆ ಎಲ್ಲಿಗಾದ್ರೂ ಹೋಗ್ಲಿ.

ಅವನಿಲ್ದೇ ನಮಗೇನು ನಿಂತೋಗ್ಲಿಲ್ಲ, ಅದನ್ನೂ ಹೇಳ್ಬೇಕು. 2024ರಲ್ಲಿ ಅದೇ ಲೈನಿನ ಹಿಂದೆ ಬಾಲ್ ಹಿಡಿದು ಓಡಿ ನಮ್ಮ ಟೀಮಿನ ಕೇಲಬ್ ಜಾನ್ಸನ್ 1,537 ಗಜ ಮಾಡಿದ.

ಇಷ್ಟೆಲ್ಲ ಆದ ಮೇಲೆ, ಎಲ್ಲರೂ ಉಪ್ಪಿಟ್ಟು ತಿಂದು ಮನೆಗೆ ಹೋದ ಮೇಲೆ (ನಾಟಕದ ಎರಡನೇ ಸೀನ್ ಇನ್ನೂ ಒಂದ್ಸಲವೂ ಆಗಿಲ್ಲ, ಪಾತ್ರಧಾರಿಗಳು ದಯವಿಟ್ಟು ಡೈಲಾಗ್ ಬಾಯಿಪಾಠ ಮಾಡ್ಕೊಂಡು ಬನ್ನಿ), ಅಮ್ಮಂಗೆ ಮತ್ತೆ ಫೋನ್ ಮಾಡಿ ನಿಧಾನಕ್ಕೆ ಹೇಳಿದೆ, ಇದು ಕರೆಂಟ್ ಲೈನ್‌ಮನ್ ಅಲ್ಲ, ಆಟದ ಹುಡುಗ, ಹಿಂಗ್ಹಿಂಗೆ ಅಂತ. ಅಲ್ಲಿ ರಾತ್ರಿ ಹತ್ತು ದಾಟಿತ್ತು, ಆದ್ರೂ ಪೂರ್ತಿ ಕೇಳಿಸ್ಕೊಂಡ್ಲು. ಕೇಳಿ, "ಎರಡು ತಿಂಗಳು ಮನೆ ಊಟ ತಿಂದ್ನಲ್ಲ, ಅಷ್ಟು ದಪ್ಪ ಹುಡುಗಂಗೆ ಅವನಮ್ಮ ದಿನಾ ಏನು ಮಾಡಿ ಹಾಕಿದ್ಲೋ" ಅಂದ್ಲು. ನಾನು ನಗ್ತಾ ಏನೋ ಹೇಳೋಕೆ ಹೋದೆ, ಅಷ್ಟರಲ್ಲಿ ಅಲ್ಲಿ ಕರೆಂಟ್ ಹೋಯ್ತು, ವೈಫೈ ಹೋಯ್ತು, ಫೋನ್ ಕಟ್. ಬೆಳಿಗ್ಗೆ ಎದ್ದು ನೋಡಿದ್ರೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜು, ಹೊಸ ಲೈನ್‌ಮನ್ ಬಂದಿದಾನಂತೆ, ತಿಪಟೂರಿನವನಂತೆ, ನಂಬರು ಕ್ಯಾಲೆಂಡರ್ ಹಿಂದೆ ಬರ್ಕೊಂಡಿದಾಳಂತೆ.