ಒಂಟಿ ಚಕ್ರದ ಸೈಕಲ್ ಬೇಡ ಅನ್ನುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಓದುಗರ ಪತ್ರದ ಕಾಲಂನಲ್ಲಿ ಒಬ್ರು ಬರೆದಿದ್ರು, ರಜಾ ಶಿಬಿರದಲ್ಲಿ ಒಂದನೇ ಎರಡನೇ ಕ್ಲಾಸಿನ ಮಕ್ಕಳಿಗೆ ಒಂಟಿ ಚಕ್ರದ ಸೈಕಲ್ ಕಲಿಸ್ತಾರಂತೆ, ಇದು ಸರ್ಕಸ್ಸಿನವರ ಕೆಲಸ, ಮಕ್ಕಳ ಕೈಕಾಲು ಮುರಿದ್ರೆ ಯಾರು ಜವಾಬ್ದಾರಿ, ಕೋರ್ಟೇ ಮಕ್ಕಳನ್ನು ಸರ್ಕಸ್ಸಿಂದ ಬಿಡಿಸಿದೆ ಅಂತ. ಅವರ ಹೆದರಿಕೆ ನನಗೆ ಅರ್ಥ ಆಗ್ತದೆ. ಆದ್ರೆ ಬರೆದದ್ದು ಪೂರ್ತಿ ಸರಿ ಇಲ್ಲ, ಹಾಗಾಗಿ ಈ ಪತ್ರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಸೈಕಲ್ ರಿಪೇರಿ ಅಂಗಡಿ ಇಟ್ಟವನು, ಭಾಷಣ ಮಾಡುವ ಜನ ಅಲ್ಲ, ಬರವಣಿಗೆಯಲ್ಲಿ ತಪ್ಪು ಇದ್ರೆ ತಿದ್ದಿ ಹಾಕಿ.

ಮೊದಲು ಕೋರ್ಟಿನ ವಿಷಯ ಹೇಳಿ ಮುಗಿಸ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರ್ಕಸ್ ಕಂಪೆನಿಗಳಲ್ಲಿ ಮಕ್ಕಳನ್ನು ದುಡಿಸಬಾರದು ಅಂತ, ಅದು ಬೇಕಾದ್ದೇ ಆಗಿತ್ತು. ಊರು ಮನೆ ಬಿಡಿಸಿ ಡೇರೆಯಲ್ಲಿ ಇಟ್ಟು ಮಕ್ಕಳನ್ನು ದುಡಿಸುದು ಬೇರೆ, ಶಾಲೆಯ ಜಗಲಿಯಲ್ಲಿ ಸಂಜೆ ಹೊತ್ತು ಮಕ್ಕಳು ಆಡುದು ಬೇರೆ. ಇನ್ನು ಸರ್ಕಸ್ ಅಂದ್ರೆ ಮೂಗು ಮುರಿಯುವವರಿಗೆ ಒಂದು ಮಾತು, ನಮ್ಮಿಂದ ರೈಲು ಹತ್ತಿದ್ರೆ ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬಹುದಾದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆ ಶುರು ಮಾಡಿದ್ದು, ಅವರು ಶಾಲೆಯಲ್ಲಿ ಕಸರತ್ತು ಕಲಿಸುವ ಮಾಸ್ಟ್ರೇ ಆಗಿದ್ದವರು. ಬೀಳದೆ ನಿಲ್ಲಲಿಕ್ಕೆ ಕಲಿಸುದು, ಬಿದ್ರೆ ಹೇಗೆ ಬೀಳಬೇಕು ಅಂತ ಕಲಿಸುದು ಮಾಸ್ಟ್ರ ಕೆಲಸವೇ ಅಲ್ವಾ. ಜಪಾನಿನಲ್ಲಂತೂ 1990ರ ದಶಕದಿಂದ ಪ್ರೈಮರಿ ಶಾಲೆಗಳ ಅಂಗಳದಲ್ಲಿ ಒಂಟಿ ಚಕ್ರದ ಸೈಕಲ್ ಸಾಮಾನ್ಯ, ಅಲ್ಲಿಯ ಮಕ್ಕಳಿಗೆ ಅದು ನಮ್ಮ ಮಕ್ಕಳಿಗೆ ಕುಂಟೆಬಿಲ್ಲೆ ಇದ್ದ ಹಾಗೆ.

ಈಗ ಅಸಲಿ ವಿಷಯ. ಮಕ್ಕಳು ಬೀಳುದಕ್ಕೆ ಸೈಕಲ್ಲೂ ಕಾರಣ ಅಲ್ಲ, ಮಕ್ಕಳೂ ಕಾರಣ ಅಲ್ಲ, ಹೆಚ್ಚಿನ ಸಲ ದೊಡ್ಡವರೇ ಕಾರಣ. ಅಂಗಡಿಗೆ ಬರುವ ಗಾಡಿ ನೋಡಿದ್ರೇ ನನಗೆ ಗೊತ್ತಾಗ್ತದೆ.

ಒಬ್ರು ಗಾಡಿ ಹಿಡ್ಕೊಂಡು ಬಂದ್ರು, ಆನ್‌ಲೈನಲ್ಲಿ ತರಿಸಿದ್ದು, ಪೆಡಲ್ ಪದೇ ಪದೇ ಕಳಚಿ ಬೀಳ್ತದೆ, ಕಂಪೆನಿ ಮೋಸ ಮಾರಾಯ್ರೆ ಅಂತ ಬೈತಾ ಇದ್ರು. ನೋಡಿದ್ರೆ ಸೀಟು ಉಲ್ಟಾ ಹಾಕಿದ್ದಾರೆ. ಈ ಗಾಡಿಗೆ ಹ್ಯಾಂಡಲ್ ಇಲ್ಲ ಅಲ್ವಾ, ಹಾಗಾಗಿ ಮುಂದು ಯಾವುದು ಹಿಂದು ಯಾವುದು ಅಂತ ಡಬ್ಬ ಬಿಚ್ಚಿ ಜೋಡಿಸಿದವರಿಗೆ ಗೊತ್ತಾಗುದಿಲ್ಲ. ಸೈಕಲ್ ಕೆಲಸ ಗೊತ್ತಿದ್ದವರಿಗೆ ಇದು ಗೊತ್ತುಂಟು, ಎಡದ ಪೆಡಲಿಗೆ ಥ್ರೆಡ್, ಅಂದ್ರೆ ತಿರುಪಿನ ಗೆರೆ, ಉಲ್ಟಾ ಇರ್ತದೆ, ಬಲದ್ದಕ್ಕೆ ಮಾಮೂಲಿ ಥ್ರೆಡ್, ಯಾಕಂದ್ರೆ ಮುಂದೆ ತುಳಿದ ಹಾಗೆ ಎರಡೂ ಸಡಿಲ ಆಗಬಾರದು ಅಂತ. ಸೀಟು ತಿರುಗಿಸಿ ಕೂತ್ರೆ ಎಡದ್ದು ಬಲಕ್ಕೆ ಬರ್ತದೆ, ಆಮೇಲೆ ತುಳಿದಷ್ಟೂ ಪೆಡಲ್ ಲೂಸ್, ಕಡೆಗೆ ಪೆಡಲ್ ಕೂರುವ ತೋಳು, ಅಂದ್ರೆ ಕ್ರ್ಯಾಂಕಿನ ಥ್ರೆಡ್ಡೇ ತಿಂದು ಹೋಗ್ತದೆ, ಮತ್ತೆ ಎಷ್ಟು ಸ್ಪಾನರ್ ಹಾಕಿ ಬಿಗಿ ಮಾಡಿದ್ರೂ ನಿಲ್ಲುದಿಲ್ಲ. ಪೆಡಲಿನ ಕಡ್ಡಿಯ ತುದಿಯಲ್ಲಿ ಎಲ್ ಮತ್ತು ಆರ್ ಅಂತ ಕೊರೆದಿರ್ತಾರೆ, ಎಲ್ ಅನ್ನುದು ಮಗುವಿನ ಎಡಗಾಲಿನ ಅಡಿಗೆ ಬರಬೇಕು, ಸೀಟಿನ ಸಪೂರ ತುದಿ ಮುಂದೆ. ಇಷ್ಟು ನೋಡದೆ ಮಗುವನ್ನು ಹತ್ತಿಸಿ, ಬಿದ್ದ ಮೇಲೆ ಈ ಆಟವೇ ಡೇಂಜರ್ ಅಂದ್ರೆ ಹೇಗೆ?

ಎರಡನೇದು ಅಳತೆ. ನಮ್ಮ ಊರಲ್ಲಿ ಒಂದು ಅಭ್ಯಾಸ ಉಂಟು, ಬೆಳೆಯುವ ಮಕ್ಕಳು ಅಲ್ವಾ ಸ್ವಲ್ಪ ದೊಡ್ಡದೇ ಇರಲಿ ಅಂತ ಯೂನಿಫಾರ್ಮಿಂದ ಹಿಡಿದು ಶೂ ತನಕ ಎಲ್ಲ ಒಂದು ಸೈಜ್ ಮೇಲೆ ತೆಗೆಯುದು. ಅಂಗಿ ದೊಡ್ಡದಾದ್ರೆ ಕೈ ಮಡಚಬಹುದು, ಚಕ್ರ ಮಡಚಲಿಕ್ಕೆ ಆಗುದಿಲ್ಲ. ದೊಡ್ಡವರು ಕಲಿಯುದು ಇಪ್ಪತ್ತು ಇಂಚಿನ ಚಕ್ರದಲ್ಲಿ, ಆರೇಳು ವರ್ಷದ ಮಕ್ಕಳಿಗೆ ಸಾಧಾರಣ ಹದಿನಾರು ಇಂಚು, ಅದಕ್ಕಿಂತ ಚಿಕ್ಕವರಿಗೆ ಹನ್ನೆರಡು ಇಂಚಿನದ್ದೂ ಬರ್ತದೆ. ಆದ್ರೆ ವಯಸ್ಸು ನೋಡಿ ತೆಗೀಬೇಡಿ, ಕಾಲು ನೋಡಿ ತೆಗೀರಿ, ಮಗು ಸೀಟಲ್ಲಿ ಕೂತು ಒಂದು ಪೆಡಲ್ ಪೂರ್ತಿ ಕೆಳಗೆ ಇದ್ದಾಗ ಆ ಕಾಲು ಹೆಚ್ಚುಕಮ್ಮಿ ನೇರ ಆಗಬೇಕು, ಮೊಣಕಾಲು ಚೂರು ಬಾಗಿದ್ರೆ ಸಾಕು. ಹೆದರಿ ಸೀಟು ತೀರಾ ತಗ್ಗಿಸಿದ್ರೂ ಕಷ್ಟವೇ, ಮೊಣಕಾಲು ಎದೆಗೆ ಬರ್ತದೆ, ಮಗು ಪೆಡಲಿನ ಮೇಲೆ ಎದ್ದು ನಿಲ್ತದೆ, ಎದ್ದು ನಿಂತ್ರೆ ಮುಗೀತು. ಈ ಗಾಡಿಯ ಗುಟ್ಟು ಇರುದೇ ಅಲ್ಲಿ, ಮೈಭಾರ ಪೂರ್ತಿ ಸೀಟಿನ ಮೇಲೆ ಬಿಡಬೇಕು, ಕಾಲು ಬರೇ ತಿರುಗಿಸಲಿಕ್ಕೆ.

ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ, ಇದರಲ್ಲಿ ಚೈನೂ ಇಲ್ಲ, ತುಳಿಯದೆಯೂ ಚಕ್ರ ಓಡಲಿಕ್ಕೆ ಬಿಡುವ ಫ್ರೀವೀಲೂ ಇಲ್ಲ, ಕ್ರ್ಯಾಂಕ್ ನೇರ ಚಕ್ರದ ನಡುವಿನ ಹಬ್‌ಗೆ ಕೂತಿರ್ತದೆ, ಕಾಲು ನಿಂತ್ರೆ ಚಕ್ರ ನಿಂತಿತು, ಹಿಂದೆ ತುಳಿದ್ರೆ ಹಿಂದೆ ಹೋಯ್ತು. ಹಾಗಾಗಿ ಇಳಿಜಾರಲ್ಲಿ ಮಾಮೂಲಿ ಸೈಕಲ್ ಬಿಟ್ಟ ಹಾಗೆ ಕಾಲು ಎತ್ತಿ ಬಿಡ್ಲಿಕ್ಕೆ ಹೊಸಬರಿಗೆ ಆಗುದೇ ಇಲ್ಲ, ಕಲಿಯುವ ಮಕ್ಕಳ ವೇಗ ದೊಡ್ಡವರು ನಡೆಯುವಷ್ಟೇ ಇರ್ತದೆ. ಗೇರ್ ಸೈಕಲ್ಲಲ್ಲಿ ಇಲ್ಲಿ ಹತ್ತಿರದ ನೀರ್ಚಾಲಿನ ಇಳಿಜಾರು ಇಳಿಯುವ ಹೈಸ್ಕೂಲ್ ಹುಡುಗರನ್ನು ನೋಡಿ ನನಗೆ ಆಗುವ ಹೆದರಿಕೆ ಇದನ್ನು ನೋಡಿ ಆಗುದಿಲ್ಲ.

ಹಿಡಿಯುವ ವಿಷಯಕ್ಕೆ ಬರ್ತೇನೆ, ಇದನ್ನು ಶಿಬಿರದವರೂ ಓದಬೇಕು. ಅಪ್ಪಂದಿರು ಏನು ಮಾಡ್ತಾರೆ, ಮಗುವಿನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡ್ಕೊಂಡು ಅಂಗಳದ ಉದ್ದಕ್ಕೆ ಓಡ್ತಾರೆ, ಫೋಟೋ ತೆಗೀತಾರೆ, ಸ್ಟೇಟಸ್ ಹಾಕ್ತಾರೆ. ಮಗುವಿನ ಭಾರ ಅಪ್ಪನ ಕೈಯಲ್ಲಿ ಇದ್ರೆ ಸೀಟಿಗೆ ಹೋಗುದು ಹೇಗೆ? ಅದು ಸಂತೆಯಲ್ಲಿ ಹೆಗಲೇರಿ ಹೋದ ಹಾಗೆ ಆಯ್ತು ಅಷ್ಟೆ. ನೀವು ಮಗುವನ್ನು ಹಿಡಿಯಬಾರದು, ಮಗು ನಿಮ್ಮನ್ನು ಹಿಡೀಬೇಕು. ಶುರುವಿಗೆ ಎರಡು ಪಕ್ಕದಲ್ಲಿ ಇಬ್ರು ನಿಂತು ಮುಂಗೈ ಅಡ್ಡ ಕೊಡಿ, ಮಗು ಅದರ ಮೇಲೆ ಕೈ ಊರಲಿ, ಆಮೇಲೆ ಒಬ್ಬರೇ ಸಾಕು, ಆಮೇಲೆ ಬರೇ ಬೆರಳು. ಯಾವಾಗ ಬಿಡಬೇಕು ಅಂತ ನಿರ್ಧಾರ ಮಗುವಿಂದೇ ಇರಲಿ. ನನ್ನ ತಂಗಿಯ ಮಗಳು ಎರಡನೇ ಕ್ಲಾಸು, ಜಗಲಿಯ ಅರೆಗೋಡೆ ಹಿಡಿದು ಹೋಗ್ತಾ ಇದ್ದವಳು, ಒಂದು ಸಂಜೆ "ಮಾವ, ನೀವು ಅಲ್ಲಿ ಕಂಬದ ಹತ್ರ ನಿಲ್ಲಿ, ಮಾತಾಡ್ಬೇಡಿ" ಅಂತ ಹೇಳಿ ತಾನೇ ಗೋಡೆ ಬಿಟ್ಟು ಹೊರಟಳು, ಕಂಬದ ತನಕ ಬರಲಿಲ್ಲ, ಅರ್ಧದಲ್ಲಿ ಇಳಿದಳು, ಆದ್ರೆ ಇಳಿದದ್ದು ಎರಡು ಕಾಲಲ್ಲಿ ನೆಟ್ಟಗೆ, ಗಾಡಿ ಮಾತ್ರ ಹಿಂದೆ ಬಿತ್ತು. ಅವಳ ಕಣ್ಣು ಚಕ್ರದ ಮೇಲೆ ಇರಲಿಲ್ಲ, ಎದುರಿನ ಕಂಬದ ಮೇಲೆ ಇತ್ತು. ಕೆಳಗೆ ನೋಡಿದವರು ಕೆಳಗೇ ಬೀಳುದು.

ಬೀಳುದನ್ನೇ ಮೊದಲು ಕಲಿಸಬೇಕು ಅಂತ ನನ್ನ ಅಭಿಪ್ರಾಯ. ಗಾಡಿ ಬಿದ್ರೆ ಬೀಳಲಿ, ಹಿಡೀಲಿಕ್ಕೆ ಹೋಗ್ಬೇಡ, ನೀನು ಕಾಲು ನೆಲಕ್ಕೆ ಇಡು ಅಂತ. ದುಡ್ಡು ಕೊಟ್ಟು ತಂದ ಗಾಡಿ ಹಾಳಾಗ್ತದೆ ಅಂತ ಮಗುವಿಗೆ ಬೈದ್ರೆ ಅದು ಗಾಡಿ ಉಳಿಸ್ಲಿಕ್ಕೆ ಹೋಗಿ ಕೈ ಉಳುಕಿಸಿಕೊಳ್ತದೆ. ಹೆಲ್ಮೆಟ್ ಬೇಕು, ಮೊಣಕಾಲಿಗೆ ಪ್ಯಾಡ್ ಬೇಕು, ಮಣಿಕಟ್ಟಿಗೆ ಗಾರ್ಡ್ ಇದ್ರೆ ಒಳ್ಳೇದು ಯಾಕಂದ್ರೆ ಮುಗ್ಗರಿಸಿದಾಗ ಮೊದಲು ನೆಲಕ್ಕೆ ತಾಗುದು ಅಂಗೈ. ಹವಾಯಿ ಚಪ್ಪಲಿ ಬೇಡ, ಜಾರ್ತದೆ. ಶೂವಿನ ಲೇಸ್ ಒಳಗೆ ತುರುಕಿ, ಇಲ್ಲದಿದ್ರೆ ಕ್ರ್ಯಾಂಕಿಗೆ ಸುತ್ತಿಕೊಳ್ತದೆ.

ಜಾಗದ ವಿಷಯ ನಮ್ಮ ಕಡೆ ಸ್ವಲ್ಪ ತಲೆನೋವು. ಮುರಕಲ್ಲಿನ, ಅಂದ್ರೆ ಒರಟು ಕೆಂಪು ಕಲ್ಲಿನ, ಗುಡ್ಡದಲ್ಲಿ ಆಗುದಿಲ್ಲ. ಅಡಕೆ ಅಂಗಳ ಇದಕ್ಕೆ ಹೇಳಿ ಮಾಡಿಸಿದ ಹಾಗೆ, ಸಿಮೆಂಟು, ಸಮತಟ್ಟು, ಆದ್ರೆ ಅಡಕೆ ಹರಡಿದ ಮೇಲೆ ಅಲ್ಲಿ ಕಾಲಿಟ್ರೆ ಅಜ್ಜ ಕೋಲು ತೆಗೀತಾರೆ, ಜೂನಲ್ಲಿ ಮಳೆ ಹಿಡಿದ್ರೆ ಪಾಚಿ. ಮಾರ್ಗದಲ್ಲಂತೂ ಬೇಡವೇ ಬೇಡ, ಹೈವೇ ಅಗಲ ಆದ ಮೇಲೆ ಸರ್ವಿಸ್ ರೋಡಲ್ಲಿ ಬೈಕಿನವರು ಎರಡೂ ಕಡೆಯಿಂದ ಬರ್ತಾರೆ. ಉಳಿದದ್ದು ಶಾಲೆ. ಒಂದು ಕಡೆ ಅರೆಗೋಡೆ ಇರುವ ಉದ್ದ ಜಗಲಿ, ಮೇಲೆ ಸೂರು, ಇದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಅರ್ಧ ಗಂಟೆ ಗೇಟು ತೆರೆದಿಟ್ರೆ ಸಾಕು, ಚಿಕ್ಕ ಮಕ್ಕಳು ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಮಾಡುದೂ ಇಲ್ಲ, ಮಾಡಿಸಲೂಬಾರದು. ಬೇಜಾರು ಬಂತಾ, ಬಿಟ್ಟುಬಿಡಿ, ನಾಳೆ ಅದೇ ಮಗು ತಾನಾಗಿ ಬರ್ತದೆ. ದೊಡ್ಡವರಿಗೇ ಸಾಧಾರಣ ಹತ್ತು ಹದಿನೈದು ಗಂಟೆ ಅಭ್ಯಾಸ ಬೇಕಾಗ್ತದೆ, ಐದು ದಿನದ ಶಿಬಿರದಲ್ಲಿ ಕಲಿಸಿಯೇ ಬಿಡ್ತೇವೆ ಅಂತ ನೋಟೀಸ್ ಹಂಚಿದವರ ಮೇಲೆ ನನಗೂ ತಕರಾರು ಉಂಟು, ಅಲ್ಲಿ ಆ ಪತ್ರ ಬರೆದವರ ಜೊತೆ ನಾನೂ ಇದ್ದೇನೆ.

ಶಾಲೆಯ ರಕ್ಷಕ-ಶಿಕ್ಷಕ ಸಂಘದವರಿಗೆ, ಅಂದ್ರೆ ಪಿಟಿಎಯವರಿಗೆ, ಒಂದು ಮನವಿ. ಒಂದೆರಡು ಗಾಡಿ ತರಿಸಿ, ಹದಿನಾರು ಇಂಚಿನದ್ದು ಒಂದು, ಇಪ್ಪತ್ತರದ್ದು ಒಂದು, ಪ್ಲಾಸ್ಟಿಕ್ ಪೆಡಲಿನದ್ದೇ ಇರಲಿ ಕಾಲಿಗೆ ತಾಗುದು ಕಮ್ಮಿ. ಆದ್ರೆ ದಯಮಾಡಿ ಅದನ್ನು ವಾರ್ಷಿಕೋತ್ಸವದ ಐಟಂ ಮಾಡ್ಬೇಡಿ. ನಮ್ಮಲ್ಲಿ ಯಾವುದೇ ಆಟ ಬಂದ್ರೂ ಮೂರು ತಿಂಗಳಲ್ಲಿ ಅದಕ್ಕೆ ಡ್ರೆಸ್ಸು, ಹಾಡು, ಸ್ಪರ್ಧೆ, ಪ್ರೈಜು ಎಲ್ಲ ಬಂದು, ಬ್ಯಾಲೆನ್ಸ್ ಬರುವ ನಾಲ್ಕು ಮಕ್ಕಳು ಸ್ಟೇಜಲ್ಲಿ, ಉಳಿದವರು ಕೆಳಗೆ ಕೂತು ಚಪ್ಪಾಳೆ ತಟ್ಟುದು ಆಗ್ತದೆ. ಮತ್ತೆ ಗಾಡಿ ಹಾಳಾದೀತು ಅಂತ ಹೆಡ್ಮಾಸ್ಟ್ರ ರೂಮಿನ ಬೀರುವಿನ ಮೇಲೆ ಏರಿಸಿ ಇಡುದೂ ಬೇಡ. ಹಾಳಾಗಲಿ. ಟ್ಯೂಬ್ ಪಂಕ್ಚರ್, ಚಕ್ರದ ಕಡ್ಡಿ ಸಡಿಲ, ಸೀಟಿನ ಕ್ಲಾಂಪ್ ಲೂಸ್, ಇದೆಲ್ಲ ಯಾವ ಸೈಕಲ್ ಅಂಗಡಿಯವನಿಗೂ ಬರುವ ಕೆಲಸವೇ, ಶಾಲೆಯ ಗಾಡಿಗೆ ನಾನಂತೂ ಮಜೂರಿ ಕೇಳುದಿಲ್ಲ, ಪಾರ್ಟ್ಸಿನ ದುಡ್ಡು ಮಾತ್ರ ಕೊಡಿ.

ಇತಿ,
ಸೈಕಲ್ ಅಂಗಡಿಯ ಒಬ್ಬ ಓದುಗ,
ಬದಿಯಡ್ಕ, ಕಾಸರಗೋಡು ಜಿಲ್ಲೆ